ಹಗ್ಗಕ್ಕೆ ಮಂಜೂರಿಯಿಲ್ಲದ ಬಾವಿ

ನನ್ನ ಬಲಗಾಲಿನ ಹರಡಿನ ಮೇಲೆ ಒಂದು ಕಲೆ ಇದೆ. ತೊಗರಿ ಬೇಳೆಯಷ್ಟೇ ದೊಡ್ಡದು. ಮೂವತ್ತು ವರ್ಷ ಸರ್ಕಾರಿ ಚಾಕರಿ ಮಾಡಿ ಮನೆಗೆ ಬರುವಾಗ ಹಾರ ಹಾಕಿದರು, ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಹಾರ ಬಾಡಿತು, ಶಾಲನ್ನು ನುಸಿ ತಿಂದಿತು, ಕಾಯಿಯನ್ನು ಹೆಂಡತಿ ಚಟ್ನಿ ಮಾಡಿದಳು. ನೌಕರಿಯ ನೆನಪಿಗೆ ಉಳಿದದ್ದು ಈ ಕಲೆ ಒಂದೇ. ತಾಲೂಕು ಬೋರ್ಡಿಗೆ ಹೊಸದಾಗಿ ಸೇರಿದ ತರುಣರು ಮನೆಗೆ ಬಂದು, "ನಿಮ್ಮ ಕಾಲದಾಗ ಕೆಲಸ ಹ್ಯಾಂಗ ನಡೀತಿತ್ರಿ?" ಎಂದು ಕೇಳಿದರೆ ನಾನು ಧೋತರ ಸ್ವಲ್ಪ ಮೇಲೆತ್ತಿ ಅದನ್ನೇ ತೋರಿಸುತ್ತೇನೆ. ಅವರು ಗಾಬರಿಯಾಗುತ್ತಾರೆ. ಆಗಲಿ, ಹೊಸಬರು ಸ್ವಲ್ಪ ಗಾಬರಿಯಾಗುವುದು ಒಳ್ಳೆಯದು.

ಮೂವತ್ತರ ದಶಕದ ಕೊನೆಯ ಮಾತು. ಆಗ ನಾನು ಕುಷ್ಟಗಿಯ ತಹಸೀಲು ಕಚೇರಿಯಲ್ಲಿ ಲೋಕಲ್ ಫಂಡಿನ ಗುಮಾಸ್ತ, ಊರವರ ಬಾಯಲ್ಲಿ ಮುನ್ಷಿ. ನಿಜಾಮರ ಆಳ್ವಿಕೆ, ಕಾಗದವೆಲ್ಲ ಉರ್ದು, ಬೈಗುಳವೆಲ್ಲ ಕನ್ನಡ. ರೈತ ಕಂದಾಯದ ರೂಪಾಯಿಯ ಜೊತೆ ಒಂದಾಣೆ ಹೆಚ್ಚಿಗೆ ಕಟ್ಟುತ್ತಿದ್ದ. ಅದೇ ಲೋಕಲ್ ಫಂಡ್. ಆ ಆಣೆ ಊರಿನ ಬಾವಿ, ದಾರಿ, ಸಾಲೆ, ದವಾಖಾನೆಗಳಿಗೆ ತಿರುಗಿ ಬರಬೇಕೆಂಬುದು ಕಾಯಿದೆ. ಬರುತ್ತಿತ್ತು, ಇಲ್ಲ ಅನ್ನಲಾರೆ. ದೇವರ ತಲೆಯ ಮೇಲೆ ಸುರಿದ ಹಾಲು ಪಾದಕ್ಕೆ ಬರುವಂತೆ ಬರುತ್ತಿತ್ತು. ಕಿರೀಟ, ಕಿವಿ, ಹೆಗಲು, ಸೊಂಟದ ಪಟ್ಟಿ ಎಲ್ಲ ತೊಯ್ದ ಮೇಲೆ ಪಾದಕ್ಕೆ ಒಂದು ಹನಿ. ಗಂಗಾವತಿ, ಕೊಪ್ಪಳ, ಯಲಬುರ್ಗಿಯ ಗುಮಾಸ್ತರು ಹುಲಿಗೆಮ್ಮನ ಗುಡಿಯಲ್ಲಿ ಭೆಟ್ಟಿಯಾದಾಗ, ಯಾರ ಪಾದ ಹೆಚ್ಚು ಒಣಗಿದೆ ಎಂದು ನಾವು ಪಂದ್ಯ ಕಟ್ಟುತ್ತಿದ್ದೆವು.

ನಾನು ಸೇರಿದ ಹೊಸತರಲ್ಲಿ ಒಂದು ವಿಚಿತ್ರ ನೋಡಿದೆ. ಬಂದ ಅರ್ಜಿಗಳೆಲ್ಲ ಬಾವಿಗಾಗಿಯೇ ಇದ್ದವು. ಒಂದು ಊರಿಗೆ ಬಾವಿ ಮಂಜೂರಾಯಿತು. ಆರು ತಿಂಗಳಿಗೆ ಅದೇ ಊರಿನಿಂದ ಮತ್ತೆ ಬಾವಿಯ ಅರ್ಜಿ; ಮತ್ತೊಂದು ಬಾವಿ ಕೊಟ್ಟೆವು. ನೀರಿನ ಮೇಲೆ ಇಷ್ಟು ಆಸೆಯೇ ಎಂದು ಊರಿನ ಗೌಡರನ್ನು ಕೇಳಿದರೆ ಅವರು ಕೈ ಮುಗಿದರು. "ನಾವು ಎರಡೂ ಸಲ ಕೇಳಿದ್ದು ಸಾಲಿರಿ. ಇನ್ನ ಕೇಳಂಗಿಲ್ಲ. ಕೇಳಿದ್ರ ಊರಾಗ ಅಡ್ಡಾಡಾಕ ಜಾಗಾ ಉಳಿಯಂಗಿಲ್ಲ" ಎಂದರು. ಆಮೇಲೆ ತಿಳಿಯಿತು: ಕಚೇರಿಯ ಮುಂದಿನ ಬೇವಿನ ಮರದಡಿ ಉರ್ದು ಅರ್ಜಿ ಬರೆದುಕೊಡುವ ಮುದುಕನಿಗೆ ಬಾಯಿಪಾಠವಿದ್ದದ್ದು ಒಂದೇ ಅರ್ಜಿ, ಅದು ಬಾವಿಯದು. ಊರಿನ ಹೆಸರು ಬದಲಿಸಿ ಎಲ್ಲರಿಗೂ ಅದನ್ನೇ ಬರೆಯುತ್ತಿದ್ದ. ಜಬರಿಸಿದೆ. ಅವನು ಕನ್ನಡಕದ ಮೇಲಿಂದ ನೋಡಿ, "ಸಾಲೀದು ಬರಿಯಾಕ ನನಗ ಬರಂಗಿಲ್ರಿ. ಬಾವೀದು ಭಾಳ ಛಲೋ ಬರೀತೀನಿ. ಛಲೋ ಬರದದ್ದಕ್ಕ ಮಂಜೂರಿ ಸಿಗತೈತಿ, ಹೌದಿಲ್ಲೋ?" ಎಂದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ನಮ್ಮ ತಹಸೀಲ್ದಾರ ಸಾಹೇಬರೂ ಅದೇ ಮತದವರು. ಹೈದರಾಬಾದಿನ ಕಡೆಯವರು, ಕೈ ಶುದ್ಧ, ಮಾತು ಮೃದು. "ದೇಖೋ ಮುನ್ಷಿ, ಕಾಗಜ್ ಮೇಲೆ ಏನು ಐತಿ, ಅದೇ ಜಮೀನ್ ಮೇಲೆ ಐತಿ" ಎಂಬುದು ಅವರ ಗಾದೆ. ಅವರಿಗೆ ಒಂದೇ ಹೆದರಿಕೆ, ಪರಊರ ನೀರು. ಎಲ್ಲಿ ದೌರೆ ಹೋದರೂ ಗಾಡಿಯಲ್ಲಿ ಕುಷ್ಟಗಿಯ ನೀರು ತುಂಬಿದ ಮಣ್ಣಿನ ಹೂಜಿ ಜೊತೆಗಿರಬೇಕು. ಆ ಹೆದರಿಕೆಗೆ ಕಾರಣವೂ ಇತ್ತು. ನಮ್ಮ ಸೀಮೆಯಲ್ಲಿ ಆಗ ನಾರುಹುಣ್ಣು ಮನೆಮನೆಯ ರೋಗ. ಮೆಟ್ಟಿಲಿಳಿದು ನೀರು ತುಂಬುವ ಪಾವಟಿಗೆ ಬಾವಿಗಳು ಊರೂರಿಗೆ ಇದ್ದವು. ಹುಣ್ಣಾದ ಕಾಲಿನವರು ನೀರಿಗಿಳಿಯುವರು, ಹುಳದ ಮರಿ ನೀರಿಗೆ ಬೀಳುವುದು, ಆ ನೀರು ಕುಡಿದವರ ಮೈಯಲ್ಲಿ ಅದು ಒಂದು ವರ್ಷ ಸದ್ದಿಲ್ಲದೆ ಬೆಳೆದು, ಮೊಳದುದ್ದದ ಬಿಳಿ ಎಳೆಯಾಗಿ ಕಾಲೊಡೆದು ಹೊರಗೆ ಬರುವುದು. ಅದಕ್ಕೇ ಸರ್ಕಾರದ ಹುಕುಂ ಬಂತು: ಪಾವಟಿಗೆಗಳಿಗೆ ಗೋಡೆ ಕಟ್ಟಿ ಮುಚ್ಚಿರಿ, ಬಾವಿಗೆ ಕಟ್ಟೆ ಕಟ್ಟಿ ಗಡಗಡಿ ಹಾಕಿರಿ, ಜನ ಮೇಲಿಂದ ಸೇದಿಕೊಳ್ಳಲಿ. ಖರ್ಚು ಲೋಕಲ್ ಫಂಡಿನದು.

ಗುಡ್ಡದ ಹೊಸೂರೆಂಬ ಸಣ್ಣ ಊರಿನ ಬಾವಿಯ ಕೆಲಸ ನನ್ನ ಕೈಗೆ ಬಂತು. ಗುತ್ತಿಗೆದಾರ ಗೋಡೆ ಕಟ್ಟಿ ಮುಗಿಸಿದ ಒಂದು ತಿಂಗಳಿಗೆ, ಯುಗಾದಿಯ ಬಿಸಿಲಲ್ಲಿ, ತನಿಖೆಗೆ ಹೋದೆ. ನಾನು ಬರುವ ಸುದ್ದಿ ಎರಡು ದಿನ ಮೊದಲೇ ಹೋಗಿತ್ತು. ಬಾವಿಯ ಪಕ್ಕದ ಬೇವಿನ ನೆರಳಲ್ಲಿ ನಿಂತು ಕತ್ತು ಚಾಚಿದೆ. ಗೋಡೆ ಕಂಡಿತು, ಗಡಗಡಿ ಕಂಡಿತು, ಗಡಗಡಿಯಲ್ಲಿ ಹಗ್ಗವೂ ಕಂಡಿತು. "ಕೆಲಸ ಸರಿಯಾಗಿದೆ, ಪಾವಟಿಗೆ ಮುಚ್ಚಿದೆ" ಎಂದು ನಿಂತಲ್ಲೇ ಬರೆದೆ. ಬೇವಿನ ಬುಡದ ಕಟ್ಟೆಯ ಮೇಲೆ ಕೂತಿದ್ದ ಹನುಮವ್ವನೆಂಬ ಮುದುಕಿ ಒಂದು ಚೊಂಬು ನೀರು ಕೊಟ್ಟಳು. ಗಟಗಟ ಕುಡಿದೆ, ತಣ್ಣಗಿತ್ತು. ನನ್ನ ಚಾಕರಿಯಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಇಷ್ಟು ಸುಖವಾಗಿ ನಡೆದುಹೋಯಿತು.

ಮುಂದಿನ ವರ್ಷ, ಅದೇ ಬಿಸಿಲು. ಸಾಹೇಬರ ಮುಂದೆ ನಿಂತು ಫೈಲು ಓದುತ್ತಿದ್ದೆ. ಒಂದು ವಾರದಿಂದ ಕಾಲಿನ ಹರಡು ಉರಿಯುತ್ತಿತ್ತು. ಅಂದು ಬೆಳಿಗ್ಗೆ ಬೊಕ್ಕೆ ಎದ್ದಿದ್ದು ಕಚೇರಿಯಲ್ಲಿ ಒಡೆಯಿತು. ಸಾಹೇಬರು ಕುರ್ಚಿಯಿಂದ ಬಗ್ಗಿ ನೋಡಿ ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಂಡರು.

"ಯಾವ ಊರ ನೀರು ಕುಡದಿ?"

ಲೆಕ್ಕ ಹಾಕಿದೆ. ಒಂದು ವರ್ಷದ ಹಿಂದೆ ನಾನು ಹೊರಗೆ ನೀರು ಕುಡಿದದ್ದು ಒಂದೇ ಊರಲ್ಲಿ, ನಾನೇ ಸರಿಯಾಗಿದೆ ಎಂದು ಬರೆದ ಬಾವಿಯಲ್ಲಿ. "ನೆನಪಿಲ್ಲ ಹುಜೂರ್" ಎಂದೆ. ಅಷ್ಟು ಬೇಗ ನಾನು ಮತ್ತೆಂದೂ ಸುಳ್ಳು ಹೇಳಿಲ್ಲ.

ರಜೆ ಹಾಕಿ ನೆಟ್ಟಗೆ ಗುಡ್ಡದ ಹೊಸೂರಿಗೇ ಹೋದೆ. ಸಿಟ್ಟು ಒಂದು ಕಾರಣ. ಇನ್ನೊಂದು, ನಾರು ತೆಗೆಯುವುದರಲ್ಲಿ ಹನುಮವ್ವನ ಕೈ ಸುತ್ತಲಿನ ಹತ್ತು ಊರಿಗೆ ಹೆಸರಾಗಿತ್ತು. ಹುಳದ ತುದಿಯನ್ನು ತೊಗರಿ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದು ಬೆರಳಷ್ಟು ಮಾತ್ರ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲು ಹೋಯಿತೆಂದೇ ತಿಳಿಯಬೇಕು. ಒಂದು ನಾರಿಗೆ ಅವಳ ಕೂಲಿ ಒಂದು ಸೇರು ಜೋಳ. ನನ್ನನ್ನು ಕಂಡು ಗುರುತು ಹಿಡಿದಳು.

"ಬರ್ರಿ ಮುನ್ಷೇರ, ಕೂಡ್ರಿ. ಹೋದ ವರ್ಷ ನಿಂತ ನೋಡಿ ಹೋದ್ರಿ. ಈ ವರ್ಷ ಕೂತು ನೋಡ್ರಿ."

ಕೂತೆ. ಮೂರು ವಾರ ಆ ಕಟ್ಟೆಯ ಮೇಲೆ ಕೂತೆ. ನನ್ನ ಎಡಬಲಕ್ಕೆ ಇನ್ನೂ ಎಂಟೊಂಬತ್ತು ಜನ, ಒಬ್ಬೊಬ್ಬರ ಕಾಲಿಗೆ ಒಂದೊಂದು ಕಡ್ಡಿ. ಎಲ್ಲರಿಗಿಂತ ಕೊನೆಗೆ ಹನುಮವ್ವನ ಒಬ್ಬನೇ ಮಗ ದುರುಗಪ್ಪ, ಎರಡೂ ಕಾಲಿಗೆ ಕಡ್ಡಿ. ಪ್ರತಿ ವರ್ಷ ಸಜ್ಜೆ ಬಿತ್ತುವ ಹೊತ್ತಿಗೇ ಅವನು ನೆಲ ಹಿಡಿಯುತ್ತಿದ್ದ. ಮಳೆ ಬರುತ್ತಿತ್ತು, ಹೊಲ ಹಸಿಯಾಗುತ್ತಿತ್ತು, ಕೂರಿಗೆ ಹಿಡಿಯುವ ಗಂಡಾಳು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಹಿಂದಿನ ಮೂರು ವರ್ಷ ಅವರ ಹೊಲ ಬೀಳು ಬಿದ್ದಿತ್ತು. ಊರ ನಾರನ್ನೆಲ್ಲ ತೆಗೆದು ಸೇರು ಸೇರು ಜೋಳ ಗಳಿಸಿ ಮುದುಕಿ ಮಗನಿಗೆ ಉಣಿಸುತ್ತಿದ್ದಳು.

ಎರಡನೆಯ ದಿನ ಹೆಣ್ಣುಮಕ್ಕಳು ಕೊಡ ಹೊತ್ತು ಬಾವಿಗೆ ಬಂದು, ನನ್ನ ಕಣ್ಣೆದುರೇ ಮೆಟ್ಟಿಲಿಳಿದು ಹೋದರು. ನನ್ನ ಗೋಡೆ ಎಲ್ಲಿ ಎಂದು ಕೂಗಿದೆ. ಹನುಮವ್ವ ಕಡ್ಡಿಯಿಂದ ಕಣ್ಣೆತ್ತದೆ ಹೇಳಿದಳು: "ಅಲ್ಲೇ ಐತಲ್ರಿ, ಕಲ್ಲೆಲ್ಲ ಗೌಡ್ರ ದನ ಮೇವು ತಿನ್ನೋ ಗ್ವಾದ್ಲಿಗಿ ಹಚ್ಯಾರ. ಸಾಹೇಬ್ರು ಬರ್ತಾರಂದ್ರ ಮುಂಜಾನೆ ತಂದು ಒಟ್ಟತಾರ, ಹೋದ್ರಂದ್ರ ಸಂಜಿಗಿ ಒಯ್ತಾರ. ನೀವು ಬಂದಾಗೂ ಒಟ್ಟಿದ್ರು, ಗಡಗಡಿಗಿ ಒಂದು ಮೋಟ ಹಗ್ಗಾನೂ ಹಾಕಿದ್ರು. ಸುಣ್ಣ ಇರಲಿಲ್ಲ, ನೀವು ಕೆಳಗ ಇಳೀಲಿಲ್ಲ."

ನಾನು ಕೂಗಾಡುವಷ್ಟು ಕೂಗಾಡಿದೆ. ಕಾಲಿಗೆ ಕಡ್ಡಿ ಕಟ್ಟಿಸಿಕೊಂಡವನ ಸಿಟ್ಟಿಗೆ ಯಾರು ಹೆದರುತ್ತಾರೆ? ನನ್ನ ಉಸಿರು ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಕೊಡ ಕೆಳಗಿಟ್ಟು ಕೇಳಿದಳು: "ಗ್ವಾಡಿ ಕೊಟ್ರಿ, ಗಡಗಡಿ ಕೊಟ್ರಿ. ಹಗ್ಗಾ?"

ಅಲ್ಲಿತ್ತು ಸಂಗತಿ. ಬೇಸಗೆಯಲ್ಲಿ ನೀರು ಮೂವತ್ತು ಮೊಳ ಕೆಳಗೆ ಹೋಗುತ್ತಿತ್ತು. ಗೋಡೆ ಕಟ್ಟಿದ ಹೊಸತರಲ್ಲಿ ಗೌಡರು ಒಂದು ಹಗ್ಗ ಕೊಟ್ಟಿದ್ದರು. ಊರೆಲ್ಲ ಸೇದಿ ತಿಂಗಳೊಳಗೆ ಹರಿಯಿತು. ಮುಂದಿನ ಹಗ್ಗ ಯಾರದು? ನಿಮ್ಮ ಮನೆಯಲ್ಲಿ ನಾಲ್ಕು ಕೊಡ, ನಮ್ಮದು ಎರಡೇ ಎಂದು ಜಗಳ. ಇವರ ಹಗ್ಗ ಅವರು ಮುಟ್ಟಲೊಲ್ಲರು, ಅವರ ಹಗ್ಗ ಇವರಿಗೆ ಬೇಡ. ನೀರಡಿಕೆ ಪಂಚಾಯ್ತಿ ಮುಗಿಯುವವರೆಗೆ ಕಾಯುವುದಿಲ್ಲ. ಒಂದು ಬೆಳಿಗ್ಗೆ ಗೋಡೆ ಇಳಿಯಿತು. ಇನ್ನೊಂದು ಮಾತನ್ನು ನಗದೆ ಹೇಳಬೇಕು. ಊರಹೊರಗಿನ ಕೇರಿಯವರನ್ನು ಆ ಬಾವಿಯ ಹತ್ತಿರ ಬಿಟ್ಟಿರಲಿಲ್ಲ. ಅವರು ಹಳ್ಳದ ಮರಳು ತೋಡಿ ಒರತೆಯ ನೀರು ಕುಡಿಯುತ್ತಿದ್ದರು. ಇಡೀ ಊರಲ್ಲಿ ನಾರುಹುಣ್ಣಿಲ್ಲದ ಕಾಲು ಅವರವೇ. ಬಾವಿ ತಮ್ಮದೆಂದು ಬೀಗುತ್ತಿದ್ದವರು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ನನಗೆ ನಾಚಿಕೆಯಾಯಿತು, ಯಾಕೆಂದರೆ ಇಂಥದ್ದನ್ನು ಬರೆಯಲು ನನ್ನ ತನಿಖೆಯ ಕಾಗದದಲ್ಲಿ ಜಾಗವೇ ಇರಲಿಲ್ಲ.

ನೀರಿನಿಂದಲೇ ಹುಳ ಬರುತ್ತದೆಂದು ಹನುಮವ್ವನಿಗೆ ತಿಳಿದಿರಲಿಲ್ಲ. ಗಾಳಿಯಿಂದ ಬರುತ್ತದೆಂದು ನಂಬಿದ್ದಳು. ದಾಕ್ತರರಿಂದ ಕೇಳಿದ್ದನ್ನು ನಾನು ಬಿಡಿಸಿ ಹೇಳಿದೆ: ಈ ಬೇಸಗೆ ಕುಡಿದದ್ದು ಬರುವ ಬೇಸಗೆ ಹೊರಗೆ ಬರುತ್ತದೆ. ಅವಳ ಕೈ ನನ್ನ ಕಡ್ಡಿಯ ಮೇಲೆ ನಿಂತಿತು.

"ಅಂದ್ರ ನನ್ನ ಮಗಗ ಬರೋ ವರ್ಷದ್ದು ಈಗ ನಾನ ಕುಡಸಾಕ ಹತ್ತೇನಿ?"

"ಹೌದವ್ವ."

"ತಮ್ಮಾ, ಬರೋ ಬಿತ್ತಿಗಿಗೆ ನನ್ನ ಮಗ ಕೂರಿಗಿ ಹಿಂದ ನಿಂದರಬೇಕು. ಹಗ್ಗ ತರಿಸು. ನಿನ್ನ ಸರ್ಕಾರಕ್ಕ ಹೇಳು." ಅಂದಿನಿಂದ ಅವಳು ನನ್ನನ್ನು ಬಹುವಚನದಿಂದ ಇಳಿಸಿದಳು.

ಕಾಲು ವಾಸಿಯಾಗಿ ಕುಷ್ಟಗಿಗೆ ಬಂದವನೇ ಹಗ್ಗಕ್ಕೆ ಮಂಜೂರಿ ಕೇಳಿ ಬರೆದೆ. ನಾಲ್ಕು ದಿನದಲ್ಲಿ ಸಾಹೇಬರ ಟಿಪ್ಪಣಿ ಬಂತು: ಹಗ್ಗ ಸವೆಯುವ ವಸ್ತು, ಲೋಕಲ್ ಫಂಡ್ ಇರುವುದು ಉಳಿಯುವ ಕೆಲಸಕ್ಕೆ, ಸವೆಯುವ ವಸ್ತುವಿಗಲ್ಲ. ಎದುರು ಹೋಗಿ ಬೇಡಿಕೊಂಡೆ. "ಅಲ್ಲಿ ಪಾವಟಿಗೆ ಮುಚ್ಚೈತಿ. ನೀನೇ ಬರದಿ. ಮತ್ಯಾಕ ಫಿಕರ್?" ಎಂದು ಗಾದೆಯನ್ನು ಇನ್ನೊಮ್ಮೆ ಹೇಳಿದರು. ನಿಜ ಹೇಳಿದರೆ ನನ್ನ ನೌಕರಿ ಹೋಗುತ್ತದೆ. ಹೇಳದಿದ್ದರೆ ದುರುಗಪ್ಪನ ಕಾಲು ಹೋಗುತ್ತದೆ. ಎರಡು ದಿನ ಆ ಫೈಲನ್ನು ತೆರೆದೆ, ಮುಚ್ಚಿದೆ. ಮೂರನೆಯ ದಿನ, ಸಾಹೇಬರೇ ಒಮ್ಮೆ ಬಾವಿ ನೋಡಿಬರುವುದು ಒಳ್ಳೆಯದೆಂದು ದೌರೆಯ ಪಟ್ಟಿಯಲ್ಲಿ ಗುಡ್ಡದ ಹೊಸೂರನ್ನು ಸೇರಿಸಿ, ಸಂಗತಿಯನ್ನೆಲ್ಲ ಹನುಮವ್ವನಿಗೆ ಹೇಳಿ ಕಳಿಸಿದೆ.

ದಾರಿಯಲ್ಲಿ ಗಾಡಿಯ ಕುಲುಕಾಟಕ್ಕೆ ಹೂಜಿಯ ಬಿರಡೆ ಹೇಗೋ ಸಡಿಲವಾಗಿ ನೀರೆಲ್ಲ ಹುಲ್ಲಿಗೆ ಹರಿಯಿತು. ಹೇಗೆಂದು ನನಗೆ ಗೊತ್ತಿಲ್ಲ. ಅಂದಿನಿಂದ ಇಂದಿನವರೆಗೂ ನಾನು ಹಾಗೆಯೇ ಹೇಳುತ್ತ ಬಂದಿದ್ದೇನೆ.

ಊರು ಮುಟ್ಟುವಾಗ ನಡುಹಗಲು. ಸಾಹೇಬರ ನಾಲಿಗೆ ಒಣಗಿತ್ತು. ಗೋಡೆ ಅಂದು ಬೆಳಿಗ್ಗೆ ಬಂದು ತನ್ನ ಜಾಗದಲ್ಲಿ ನಿಂತಿತ್ತು, ಗಡಗಡಿಯಲ್ಲಿ ಹಗ್ಗವೂ ಇತ್ತು. ಸಾಹೇಬರು ನೆರಳಲ್ಲಿ ನಿಂತು ಕತ್ತು ಚಾಚಿ, "ಬಹುತ್ ಖೂಬ್" ಎಂದರು. ಆಗ ಹನುಮವ್ವ ಎರಡು ಚೊಂಬು ತಂದು ಕಟ್ಟೆಯ ಮೇಲೆ ಪಕ್ಕಪಕ್ಕಕ್ಕೆ ಇಟ್ಟಳು.

"ಎರಡು ಯಾಕ ಅಮ್ಮಾ?"

"ಒಂದು ಹಗ್ಗದ ನೀರು, ಒಂದು ಪಾವಟಿಗಿ ನೀರು ಸಾಹೇಬ್ರ. ಒಂದು ಕುಡದ್ರ ನೀರಡಿಕಿ ಹೋಗತೈತಿ. ಇನ್ನೊಂದು ಕುಡದ್ರ ಬರೋ ವರ್ಷ ಇದ ದಿನ ನೀವು ಈ ಕಟ್ಟಿ ಮ್ಯಾಲ ಕೂಡತೀರಿ." ಎಂದು ಸಾಲಾಗಿ ಕೂತವರ ಕಾಲುಗಳ ಕಡೆ ಕೈ ಮಾಡಿದಳು. ದುರುಗಪ್ಪ ತನ್ನ ಎರಡೂ ಕಡ್ಡಿ ಕಾಣುವಂತೆ ಕಾಲು ನೀಡಿದ.

ಸಾಹೇಬರ ಕೈ ನಡುದಾರಿಯಲ್ಲಿ ನಿಂತಿತು. "ಇದರಾಗ ಯಾವುದು ಯಾವುದು?"

"ನನ್ನ ಯಾಕ ಕೇಳ್ತೀರಿ? ಪಾವಟಿಗಿ ಮುಚ್ಚೇತಿ ಅಂತ ನಿಮ್ಮ ಕಾಗದದಾಗ ಬರದೈತಂತ. ಕಾಗದ ಖರೇ ಇದ್ರ ಎರಡೂ ಒಂದ. ಯಾವುದಾರ ಕುಡೀರಿ."

ಸಾಹೇಬರು ಬಲಗಡೆಯ ಚೊಂಬು ನೋಡಿದರು, ಎಡಗಡೆಯದು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಧೋತರ ಮೇಲೆತ್ತಿ ಹೊಸ ಕಲೆ ತೋರಿಸಿದೆ. "ನೆನಪು ಬಂತು ಹುಜೂರ್. ಆ ನೀರು ಈ ಊರಿನದೇ. ಕಾಗದ ಬರೆದವನೂ ನಾನೇ, ತಪ್ಪು ನನ್ನದೇ" ಎಂದೆ. ಆ ಮಾತಿನ ಜೊತೆ ನನ್ನ ನೌಕರಿಯನ್ನು ನಾನೇ ಬಾವಿಗೆ ಎಸೆದೆನೆಂದುಕೊಂಡೆ.

ಸಾಹೇಬರು ಬಿಸಿಲಿಗೆ ಹೋಗಿ ಬಗ್ಗಿ, ಗೋಡೆಯ ಒಂದು ಕಲ್ಲನ್ನು ಎರಡು ಬೆರಳಿಂದ ಒತ್ತಿದರು. ಅದು ನೀರಿಗೆ ಬಿದ್ದ ಸದ್ದು ಊರೆಲ್ಲ ಕೇಳಿತು. ಅಲ್ಲಿ ನಿಂತೇ ಹನುಮವ್ವನನ್ನು ಕೇಳಿದರು: "ಹಗ್ಗ ಇದ್ರ ಗೋಡೆ ನಿಲ್ತದ?"

"ಹಗ್ಗ ಇದ್ರ ಪಾವಟಿಗಿ ಇಳಿಯಾಕ ಯಾರಿಗಿ ಹುಚ್ಚ ಹಿಡದೈತ್ರಿ?"

ಅವಳು ಎಡಗಡೆಯ ಚೊಂಬನ್ನು ಎತ್ತಿಕೊಟ್ಟಳು. ಕುಡಿದರು. ಹೋಗುವಾಗ ನಾನು ಮೆಲ್ಲಗೆ ಅವಳನ್ನು, ಬಲಗಡೆಯದನ್ನು ಎತ್ತಿದ್ದರೆ ಗತಿಯೇನಿತ್ತು ಎಂದು ಕೇಳಿದೆ. ಅವಳು ಕಣ್ಣು ಕಿರಿದು ಮಾಡಿ, "ಎರಡೂ ಹಗ್ಗದ್ದ ತಮ್ಮಾ. ನಮ್ಮ ಎತ್ತಿನ ಕಣ್ಣಿ ಬಿಚ್ಚಿ ಜೋಡಿಸಿ ಸೇದೇನಿ. ತಿಳಿದೂ ತಿಳಿದೂ ಮಂದಿಗಿ ಅಂಥಾದ್ದ ಕುಡಸತೇನೇನು?" ಎಂದಳು.

ಗಾಡಿಯಲ್ಲಿ ಸಾಹೇಬರು ನನ್ನನ್ನು ಮನಸಾರೆ ಬೈದರು. ಯಲಬುರ್ಗಿಯ ಗುಡ್ಡ ಕಾಣುವವರೆಗೆ ಬೈದರು. ಆಮೇಲೆ, "ಸವೆಯುವ ವಸ್ತುವಿಗೆ ಖಾತೆ ಇಲ್ಲ. ಯಾವ ಖಾತೆಯಿಂದ ತರ್ತಿ?" ಎಂದು ಕೇಳಿದರು. ಅದನ್ನು ಯೋಚಿಸಿಯೇ ಇಟ್ಟಿದ್ದೆ. ಕಚೇರಿಯ ದಫ್ತರ ಕಟ್ಟಲು ಪ್ರತಿ ವರ್ಷ ದಾರ ಕೊಳ್ಳುತ್ತಿದ್ದೆವು. ದಾರ ಎಷ್ಟು ದಪ್ಪವಿರಬೇಕೆಂದು ಕಾಯಿದೆಯಲ್ಲಿ ಎಲ್ಲೂ ಇರಲಿಲ್ಲ. ಸಾಹೇಬರು ಎತ್ತಿನ ಬಾಲ ನೋಡುತ್ತಲೇ ನಕ್ಕರು. ಅವರು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾಲ್ಕು ದಿನದಲ್ಲಿ ಗುಡ್ಡದ ಹೊಸೂರಿಗೆ ಎರಡು ಹಗ್ಗ ಹೋದವು. ಗೋಡೆಗೆ ಈ ಸಲ ಸುಣ್ಣವೂ ಬಿತ್ತು, ಗೌಡರ ದನಗಳು ನೆಲದ ಮೇಲೆ ಮೇವು ತಿಂದವು. ಊರವರು ಬಾಯಿ ತೆರೆಯುವ ಮೊದಲೇ ಸಾಹೇಬರು ಹುಕುಂ ಹೊರಡಿಸಿದರು: ಹಗ್ಗ ಸರ್ಕಾರದ್ದು, ಮುಟ್ಟಲೊಲ್ಲದವರು ನೀರು ಬಿಡಬಹುದು, ಕೇರಿಯವರೂ ಅದೇ ಹಗ್ಗದಿಂದ ಸೇದತಕ್ಕದ್ದು. ನಾಲ್ಕು ಮನೆಯವರು ಎರಡು ದಿನ ನೀರು ಬಿಟ್ಟರು. ಮೂರನೆಯ ದಿನ ಬಂದರು. ಕೇರಿಯವರು ಮಾತ್ರ ಇನ್ನೂ ಒಂದು ವರ್ಷ ಹಳ್ಳದ ನೀರನ್ನೇ ಕುಡಿದರು. ಹುಕುಂ ಬಂದಷ್ಟು ಬೇಗ ಹೆದರಿಕೆ ಹೋಗುವುದಿಲ್ಲ.

ಆಡಿಟ್ಟಿಗೆ ಬಂದವರು ಮೇಲಿನ ಕಚೇರಿಯ ಒಬ್ಬ ಹಿರಿಯರು. ಲೆಕ್ಕದ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು: "ಇಷ್ಟು ದಪ್ಪ ಹಗ್ಗ? ಕುಷ್ಟಗಿಯ ದಫ್ತರ ಏನು ಹೋರಿಯೇ, ಕಟ್ಟದಿದ್ದರೆ ಓಡಿಹೋಗಲು?" ಸಾಹೇಬರು ಮುಖ ಗಂಟಿಕ್ಕಿಕೊಂಡು, ತಮ್ಮ ಮೃದುವಾದ ದನಿಯಲ್ಲಿ, "ನಮ್ಮ ಕೆಲವು ಕಾಗದಗಳು ಮೂವತ್ತು ಮೊಳ ಆಳದಲ್ಲಿ ಬಿದ್ದಿವೆ ಜನಾಬ್. ಎತ್ತಲು ಹಗ್ಗ ಬೇಕಾಯಿತು" ಎಂದರು. ಹಿರಿಯರು ಆ ಕಾಗದ ತೋರಿಸಿ ಎಂದರು. ಗಾಡಿ ಕಟ್ಟಿಸಿ ಗುಡ್ಡದ ಹೊಸೂರಿಗೇ ಕರೆದುಕೊಂಡು ಹೋದೆವು. ಅವರು ಸೇದಿದ ನೀರು ಕುಡಿದು, ಸವೆದ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿ, ಗಾಡಿ ಹತ್ತಿದರು. ಆರು ತಿಂಗಳಿಗೆ ಮೇಲಿನಿಂದ ಅಪ್ಪಣೆ ಬಂತು: ಸಣ್ಣ ಸವಕಳಿ ಖರ್ಚಿಗಾಗಿ ಊರವರು ಕಟ್ಟಿದ ಆಣೆಯಲ್ಲಿ ಒಂದು ಪಾಲು ಊರಿನ ಪಂಚರ ಕೈಯಲ್ಲೇ ಉಳಿಯಲಿ, ಅರ್ಜಿಯ ಅಗತ್ಯವಿಲ್ಲ. ಕಚೇರಿಯ ಮುಂದೆ ಅರ್ಜಿ ಬರೆಯುತ್ತಿದ್ದ ಮುದುಕ ಒಂದು ವಾರ ನನ್ನೊಡನೆ ಮಾತು ಬಿಟ್ಟ.

ಹಗ್ಗ ಬರುವ ಮೊದಲು ಕುಡಿದಿದ್ದ ನೀರಿನ ನಾರು ಇನ್ನೊಂದು ಬೇಸಗೆ ಕಾಡಿ ಹೋಯಿತು. ಅದರ ಮುಂದಿನ ವರ್ಷ ಮೃಗಶಿರ ಮಳೆ ಬಿದ್ದ ಮೂರನೆಯ ದಿನ ಆ ಊರಿಗೆ ಹೋದೆ. ಹೇಳಿ ಕಳಿಸದೆ ಹೋದೆ. ಕಟ್ಟೆಯ ಮೇಲೆ ಹನುಮವ್ವ ಒಬ್ಬಳೇ ಇದ್ದಳು. ನನ್ನನ್ನು ಕಂಡವಳೇ ಶುರುಮಾಡಿದಳು.

"ಬಂದೇನು? ಬಾ, ನೋಡು. ಈ ವರ್ಷ ನನ್ನ ಕಟ್ಟಿಗಿ ಒಬ್ಬಾವ ಬಂದಿಲ್ಲ. ಒಂದ ಸೇರು ಜ್ವಾಳ ಬಂದಿಲ್ಲ. ನನ್ನ ಹೊಟ್ಟಿ ಮ್ಯಾಲ ಹೊಡದೆಲ್ಲೊ ತಮ್ಮಾ!"

ಅವಳ ಗಳಿಕೆಯ ಮಾತು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಆಗ ಅವಳ ಕೈ ನೋಡಿದೆ. ಬೈಯುತ್ತಿದ್ದರೂ ಕೈ ನಿಂತಿರಲಿಲ್ಲ. ಪಕ್ಕದಲ್ಲಿ ಪುಂಡಿ ನಾರಿನ ರಾಶಿ, ಕಾಲಬೆರಳಿಗೆ ಸಿಕ್ಕಿಸಿದ ಎಳೆ, ಬೆರಳುಗಳ ನಡುವೆ ಬೆಳೆಯುತ್ತಿದ್ದ ಹಗ್ಗ. ಪಂಚರು ಊರಪಾಲಿನಿಂದ ಮಾಡಿದ ಮೊದಲ ಖರ್ಚು ಅದೇ: ಹಗ್ಗ ಹೊಸೆಯಲು ಹನುಮವ್ವನಿಗೆ ಜೋಳ. ಅವಸರ ಮಾಡದೆ ಎಳೆಯನ್ನು ಹರಿಯದಂತೆ ಹಿಡಿಯುವ ಕೈ ಆ ಊರಲ್ಲಿ ಇನ್ನಾರದಿತ್ತು?

"ದುರುಗಪ್ಪ ಎಲ್ಲಿ?"

ಅವಳು ಗದ್ದದಿಂದ ಹೊಲದ ಕಡೆ ತೋರಿಸಿದಳು. ದೂರದಲ್ಲಿ ಎರಡು ಎತ್ತು, ಕೂರಿಗೆ, ಅದರ ಹಿಂದೆ ಕೆಂಪು ಮಣ್ಣಿನಲ್ಲಿ ಎರಡೂ ಕಾಲು ಊರಿ ನಡೆಯುತ್ತಿದ್ದ ದುರುಗಪ್ಪ. ಮುದುಕಿ ಎದ್ದು ಒಂದು ಚೊಂಬು ನೀರು ತಂದು ಮುಂದೆ ಹಿಡಿದಳು.

ಚೊಂಬನ್ನು ಇಸಿದುಕೊಂಡು ಕಟ್ಟೆಯ ಮೇಲಿಟ್ಟೆ. ಬಾವಿಯವರೆಗೆ ನಡೆದು ಹೋದೆ. ಬಿಸಿಲಲ್ಲಿ ಬಗ್ಗಿ, ಗೋಡೆಗೆ ಕೈಯಿಟ್ಟು, ಸುಣ್ಣವನ್ನು ಉಗುರಿನಿಂದ ಕೆರೆದೆ, ಎರಡು ಕಲ್ಲುಗಳನ್ನು ಅಂಗೈಯಿಂದ ಒತ್ತಿದೆ. ಅಲುಗಲಿಲ್ಲ. ಹಿಂತಿರುಗಿ ಬಂದು ಚೊಂಬಿಗೆ ಕೈ ಹಾಕಿದಾಗ ಹನುಮವ್ವ ನಗುತ್ತಿದ್ದಳು.

"ಈಗ ನೀ ಮುನ್ಷಿ ಆದಿ ನೋಡು," ಎಂದಳು. "ಕುಡಿ."

ಕುಡಿದೆ.